ಹೂಳೆತ್ತಿ ಎಷ್ಟು ವರ್ಷವಾಯಿತು?

ಹೋದ ಫೆಬ್ರವರಿಯಲ್ಲಿ ಅಪ್ಪ ದೆಹಲಿಗೆ ಬಂದಿದ್ದರು. ನಾವಿರುವುದು ಸಫ್ದರ್‌ಜಂಗ್ ಎನ್‌ಕ್ಲೇವಿಗೆ ಅಂಟಿಕೊಂಡ ಹುಮಾಯೂನ್‌ಪುರದ ಗಲ್ಲಿಯೊಂದರಲ್ಲಿ, ಮೂರನೇ ಮಹಡಿ. ಅರಸೀಕೆರೆ ಕಡೆಯ ತೆಂಗಿನ ತೋಟದಲ್ಲಿ ಎಪ್ಪತ್ತು ವರ್ಷ ಓಡಾಡಿದ ಮನುಷ್ಯನಿಗೆ ಆ ಮನೆ ಎರಡೇ ದಿನಕ್ಕೆ ಸಾಕಾಯಿತು. ಮೂರನೆಯ ದಿನ ಬೆಳಿಗ್ಗೆ ಅವರಿಗೆ ನನ್ನ ಸ್ವೆಟರ್ ಹಾಕಿಸಿ, ಮಫ್ಲರ್ ಸುತ್ತಿ, ಹತ್ತಿರದ ಜಿಂಕೆ ಉದ್ಯಾನಕ್ಕೆ ಕರೆದುಕೊಂಡು ಹೋದೆ.

ದೆಹಲಿಯಲ್ಲಿರುವ ನಿಮ್ಮಲ್ಲಿ ಹಲವರಿಗೆ ಆ ಜಾಗ ಗೊತ್ತು. ಜಿಂಕೆಗಳ ಬೇಲಿ ದಾಟಿ ಮರಗಳ ನಡುವೆ ನಡೆದರೆ ದೊಡ್ಡದೊಂದು ಕೊಳ. ಆಚೆ ದಡದಲ್ಲಿ ಕಂಬ, ಕಮಾನು, ಗುಮ್ಮಟಗಳ ಉದ್ದನೆಯ ಕಟ್ಟಡ. ಅದರ ಬೆನ್ನಿಗೆ ಹೌಜ್ ಖಾಸ್ ವಿಲೇಜಿನ ಕೆಫೆಗಳು. ಬೆಳಿಗ್ಗೆ ಓಡುವವರು, ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ಬಾತುಗಳಿಗೆ ಬ್ರೆಡ್ಡು ಹಾಕುವ ಮಕ್ಕಳು. ಏಳು ವರ್ಷದಿಂದ ನಾನೂ ಅಲ್ಲಿ ಓಡುತ್ತಿದ್ದೇನೆ. ನನ್ನ ಮಟ್ಟಿಗೆ ಅದೊಂದು ಪಾರ್ಕು, ಒಳಗೊಂದು ಕೊಳ.

ಅಪ್ಪ ಜಿಂಕೆಗಳನ್ನು ನೋಡಲಿಲ್ಲ. ನೀರಿನ ಅಂಚಿಗೆ ಹೋಗಿ ನಿಂತು ಸುತ್ತ ಕಣ್ಣಾಡಿಸಿದರು.

"ಇದು ಕೆರೆ ಕಣಪ್ಪಾ. ಏರಿ ಎಲ್ಲೈತೆ? ತೂಬು ಯಾವ್ ಕಡೆ?"

ನನಗೆ ಗೊತ್ತಿರಲಿಲ್ಲ. ಏಳುನೂರು ವರ್ಷದ ಹಿಂದೆ ಅಲಾವುದ್ದೀನ್ ಖಿಲ್ಜಿ ಅನ್ನೋ ಸುಲ್ತಾನ ತೋಡಿಸಿದ್ದು ಎಂದೆ. ಅಷ್ಟು ಓದಿಕೊಂಡಿದ್ದೆ. ಅಪ್ಪನಿಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

"ತೋಡ್ಸೋರು ತೋಡಿಸ್ತಾರೆ. ಹೂಳೆತ್ತಿ ಎಷ್ಟು ವರ್ಷ ಆಯ್ತು?"

ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು. ಆ ಪ್ರಶ್ನೆ ನನಗೆ ಚುಚ್ಚಿದ್ದಕ್ಕೆ ನಮ್ಮ ಮನೆಯದೇ ಒಂದು ಕಾರಣವೂ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೌಜಿನ ಕಥೆ.

ಹೌಜ್ ಎಂದರೆ ಕೆರೆ, ಕೊಳ. ನಾವು ಖಾಸಗಿ ಎನ್ನುತ್ತೇವಲ್ಲ, ಆ ಮಾತಿನಲ್ಲಿರುವ ಖಾಸೇ ಇಲ್ಲಿಯ ಖಾಸ್. ದೊರೆಗೆ ಸೇರಿದ ಕೆರೆ. ಆದರೆ ಇದು ಅದರ ಎರಡನೆಯ ಹೆಸರು. ಮೊದಲ ಹೆಸರು ಹೌಜ್-ಎ-ಅಲಾಯಿ, ಅಲಾವುದ್ದೀನನ ಹೆಸರಿನದು. ಅವನು 1296ರಲ್ಲಿ ಪಟ್ಟಕ್ಕೆ ಬಂದ. ಮಂಗೋಲರು ಮೇಲಿಂದ ಮೇಲೆ ದಂಡೆತ್ತಿ ಬರುತ್ತಿದ್ದ ಕಾಲ ಅದು. 1303ರಲ್ಲಂತೂ ಅವರು ದೆಹಲಿಯನ್ನೇ ಮುತ್ತಿದರು. ಅಲಾವುದ್ದೀನ್ ಸಿರಿ ಎಂಬಲ್ಲಿ ಹೊಸ ಕೋಟೆ ಕಟ್ಟಿಸಿದ. ಇಂದು ಸಿರಿ ಫೋರ್ಟ್ ಆಡಿಟೋರಿಯಂ, ಏಷ್ಯಾಡ್ ವಿಲೇಜ್, ಶಾಹಪುರ್ ಜಾಟ್ ಇರುವ ಜಾಗ. ಯಮುನೆ ಅಲ್ಲಿಂದ ದೂರ, ತಗ್ಗಿನಲ್ಲಿದೆ. ಊರಿಗೆ ನೀರು ಬೇಕೆಂದರೆ ಅರಾವಳಿಯ ಕೊನೆಯ ಗುಡ್ಡಗಳಿಂದ ಹರಿದು ಬರುವ ಮಳೆನೀರನ್ನು ಹಿಡಿಯಬೇಕು. ಸಿರಿಯ ಪಶ್ಚಿಮಕ್ಕೆ ಎರಡು ಮೂರು ಕಿಲೋಮೀಟರು ದೂರದಲ್ಲಿ, ಆ ಇಳಿಜಾರಿನ ನೀರು ಬಂದು ಸೇರುವ ಕಡೆ ಈ ಕೆರೆ ತೋಡಲಾಯಿತು. ಅಂದಿನ ಹರವು ಇಂದಿನ ಕೊಳದ ಹಲವು ಪಟ್ಟು. ಈಗ ನಾವು ಓಡುವ ಹಾದಿ, ಹುಲ್ಲುಹಾಸುಗಳಲ್ಲಿ ಒಂದಷ್ಟು ಭಾಗ ಹಳೆಯ ಕೆರೆಯ ಅಂಗಳವೇ.

ಈ ಸಿರಿಗೂ ನಮಗೂ ಒಂದು ನಂಟಿದೆ, ಅದೂ ಕೆರೆಯ ಮೂಲಕ. 1311ರಲ್ಲಿ ಅಲಾವುದ್ದೀನನ ಸೇನಾಪತಿ ಮಲಿಕ್ ಕಾಫೂರ್ ಹೊಯ್ಸಳರ ರಾಜಧಾನಿಯ ಮೇಲೆ ಬಿದ್ದ. ಆ ರಾಜಧಾನಿಯ ಹೆಸರು ದೋರಸಮುದ್ರ, ಇಂದಿನ ಹಳೇಬೀಡು. ನಮ್ಮಲ್ಲಿ ಸಮುದ್ರ ಎಂದು ಕೊನೆಯಾಗುವ ಊರುಗಳಿಗೆಲ್ಲ ಸಾಮಾನ್ಯವಾಗಿ ಕೆರೆಯೇ ಮೂಲ. ದೋರಸಮುದ್ರಕ್ಕೂ ಹಾಗೆಯೇ. ಕೆರೆಯಿಂದ ಹೆಸರು ಪಡೆದ ಊರಿನ ದೊರೆ ಮೂರನೆಯ ಬಲ್ಲಾಳ ಮಣಿದು, ಆನೆ ಕುದುರೆ ಬೊಕ್ಕಸ ಒಪ್ಪಿಸಿದ. ಕಾಫೂರ್ ಅಲ್ಲಿಂದ ಮಧುರೆಯ ಕಡೆಗೂ ಹೋಗಿ ಅದೇ ವರ್ಷ ದೆಹಲಿಗೆ ಮರಳಿದ. ಇಡೀ ದಂಡಯಾತ್ರೆಯಲ್ಲಿ ತಂದದ್ದನ್ನು ಚರಿತ್ರೆಕಾರ ಬರನಿ ಲೆಕ್ಕ ಕೊಡುತ್ತಾನೆ: 612 ಆನೆ, 20,000 ಕುದುರೆ, ಜೊತೆಗೆ ನಂಬಲಾಗದಷ್ಟು ಚಿನ್ನ. ಅದನ್ನೆಲ್ಲ ಸುಲ್ತಾನನ ಮುಂದೆ ಒಪ್ಪಿಸಿದ್ದು ಸಿರಿಯ ಅರಮನೆಯಲ್ಲಿ.

ಆನೆ ಕುದುರೆಗಳ ಲೆಕ್ಕಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಬಲ್ಲಾಳರಾಯನ ಮಗ ವಿರೂಪಾಕ್ಷ ಬಲ್ಲಾಳ ದೆಹಲಿಯಿಂದ ಮರಳಿ ಬಂದದ್ದನ್ನು 1313ರ ಶಾಸನವೊಂದು ಹೇಳುತ್ತದೆ. ಸುಲ್ತಾನನ ಕೈಯಲ್ಲಿದ್ದು ಊರಿಗೆ ಮರಳಿದ ಹೊಯ್ಸಳ ರಾಜಕುಮಾರ. ದೆಹಲಿಯ ಕನ್ನಡಿಗರ ಪಟ್ಟಿ ಮಾಡುವುದಾದರೆ ಅವನನ್ನು ಎಲ್ಲಿಡಬೇಕು? ನಾವೆಲ್ಲ ಪರೀಕ್ಷೆ ಬರೆದೋ ವರ್ಗವಾಗಿಯೋ ಬಂದವರು, ಅವನು ಸೋತ ತಂದೆಯ ಮಗನಾಗಿ ಬಂದವನು. ಸಿರಿಯಲ್ಲಿ ಅವನು ಕುಡಿದ ನೀರು ಈ ಹೌಜಿನದೇ ಇರಬಹುದು. ದೋರಸಮುದ್ರದ ಏರಿಯ ಮೇಲೆ ಓಡಾಡಿದ ಹುಡುಗನಿಗೆ ಇದು ಕೆರೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದಾಗಿ ಇಪ್ಪತ್ತು ಚಿಲ್ಲರೆ ವರ್ಷಕ್ಕೆ, 1334ರ ಹೊತ್ತಿಗೆ, ಮೊರಾಕ್ಕೋದ ಇಬ್ನ್ ಬತೂತ ದೆಹಲಿಗೆ ಬಂದ. ಅವನು ಈ ಕೆರೆಯನ್ನು ಕಂಡು ಬರೆದಿದ್ದಾನೆ. ಮೆಹ್ರೌಲಿಯಲ್ಲಿ ಇಲ್ತುತ್ಮಿಷ್ ಮಾಡಿಸಿದ ಹೌಜ್-ಎ-ಶಂಸಿಗಿಂತ ಇದು ದೊಡ್ಡದು, ದಡದುದ್ದಕ್ಕೂ ನಲವತ್ತು ಮಂಟಪಗಳಿವೆ, ಸುತ್ತ ಸಂಗೀತಗಾರರು ವಾಸವಾಗಿದ್ದಾರೆ ಎನ್ನುತ್ತಾನೆ. ಆ ಕೇರಿಯ ಹೆಸರು ತರಬಾಬಾದ್, ಅಂದರೆ ಸಂತೋಷದ ಊರು. ಅವರಿಗೆ ತಮ್ಮದೇ ಪೇಟೆ, ತಮ್ಮದೇ ಮಸೀದಿ. ರಂಜಾನಿನ ರಾತ್ರಿಗಳಲ್ಲಿ ಹಾಡುವ ಹೆಂಗಸರು ಒಟ್ಟಾಗಿ ನಮಾಜು ಮಾಡುತ್ತಾರೆಂದು ಯಾರೋ ತನಗೆ ಹೇಳಿದರು ಎಂದೂ ಬರೆಯುತ್ತಾನೆ. ಹೌಜ್ ಖಾಸ್ ವಿಲೇಜಿನಲ್ಲಿ ಶನಿವಾರ ರಾತ್ರಿ ಗಿಟಾರು ಕೇಳಿ ಮುಖ ಸಿಂಡರಿಸುವ ನನಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು. ಈ ದಡದಲ್ಲಿ ಸಂಗೀತಕ್ಕೆ ನಮ್ಮ ಬಾಡಿಗೆ ಕರಾರಿಗಿಂತ ಹಳೆಯ ಹಕ್ಕಿದೆ.

ಇಬ್ನ್ ಬತೂತ ದೆಹಲಿ ಬಿಟ್ಟದ್ದು 1342ರಲ್ಲಿ. ಫಿರೋಜ್ ಷಾ ತುಘಲಕ್ ಪಟ್ಟಕ್ಕೆ ಬಂದದ್ದು 1351ರಲ್ಲಿ. ಫಿರೋಜ್ ತನ್ನ ಕೆಲಸಗಳನ್ನು ತಾನೇ ಹೇಳಿಕೊಂಡ 'ಫುತೂಹಾತ್-ಎ-ಫಿರೋಜ್‌ಶಾಹಿ' ಎಂಬ ಸಣ್ಣ ಪುಸ್ತಕವಿದೆ. ಅದರಲ್ಲಿ ಈ ಕೆರೆಯ ಮಾತು ಬರುತ್ತದೆ. ಅವನು ಹೇಳುವ ಸಾರಾಂಶ ಇಷ್ಟು: ಹೌಜ್-ಎ-ಅಲಾಯಿ ಹೂಳು ತುಂಬಿ ಬತ್ತಿಹೋಗಿತ್ತು. ಜನ ಅದರ ಅಂಗಳವನ್ನು ಉತ್ತು ಬಿತ್ತುತ್ತಿದ್ದರು. ಒಳಗೇ ಬಾವಿ ತೋಡಿ ನೀರು ಮಾರುತ್ತಿದ್ದರು. ಒಂದು ತಲೆಮಾರು ಹೀಗೆ ಕಳೆದ ಮೇಲೆ ತಾನು ಅದನ್ನು ತೋಡಿಸಿ ಚೊಕ್ಕಟ ಮಾಡಿಸಿದೆ, ಕೆರೆ ಮತ್ತೆ ವರ್ಷವರ್ಷ ತುಂಬುವಂತಾಯಿತು.

ಹೌಜ್-ಎ-ಶಂಸಿಯ ಬಗ್ಗೆ ಅವನು ಹೇಳುವುದು ಇನ್ನೂ ಪರಿಚಿತವಾಗಿದೆ. ಕೆಲವು ದುರುಳರು ಆ ಕೆರೆಗೆ ನೀರು ತರುವ ಕಾಲುವೆಗಳಿಗೆ ಅಡ್ಡ ಕಟ್ಟಿದ್ದರು, ಅವರನ್ನು ಶಿಕ್ಷಿಸಿ ಕಾಲುವೆಗಳನ್ನು ಮತ್ತೆ ತೆರೆಸಿದೆ ಎನ್ನುತ್ತಾನೆ. ಸುಲ್ತಾನನ ಹೆಸರು ತೆಗೆದು ಹಾಕಿದರೆ ಇದು ಬೆಂಗಳೂರಿನ ಯಾವುದಾದರೂ ದಿನಪತ್ರಿಕೆಯ ಮೂರನೇ ಪುಟದ ಸುದ್ದಿ: ರಾಜಕಾಲುವೆ ಒತ್ತುವರಿ ತೆರವು.

ಫಿರೋಜನನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಹೊಸದಾಗಿ ಕಟ್ಟಿದ ದೇವಾಲಯಗಳನ್ನು ಕೆಡವಿಸಿದೆನೆಂದು ಅದೇ ಪುಸ್ತಕದಲ್ಲಿ ಅವನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ. ಆದರೆ ಅಲ್ಲಿ ಇನ್ನೊಂದು ಮಾತೂ ಇದೆ. ಹಿಂದಿನ ದೊರೆಗಳು ಕಟ್ಟಿಸಿದ್ದು ಪಾಳುಬಿದ್ದಿದ್ದರೆ ಅದನ್ನು ಸರಿಪಡಿಸುವುದಕ್ಕೇ ಮೊದಲ ಜಾಗ, ತನ್ನ ಹೊಸ ಕಟ್ಟಡಗಳಿಗೆ ಆಮೇಲೆ ಎನ್ನುತ್ತಾನೆ. ಕುತುಬ್ ಮಿನಾರಿಗೆ ಸಿಡಿಲು ಬಡಿದಾಗ ಮೇಲಿನ ಅಂತಸ್ತನ್ನು ಸರಿಮಾಡಿಸಿದವನೂ ಅವನೇ. ಹೆಸರಿಗಾಗಿ ಕಟ್ಟಿಸುವ ದೊರೆಗಳೇ ತುಂಬಿದ ದೆಹಲಿಯಲ್ಲಿ ಇದು ಅಪರೂಪದ ಮಾತು.

ಕೆರೆ ತುಂಬಿದ ಮೇಲೆ ಫಿರೋಜ್ ಅದರ ಪೂರ್ವ ಮತ್ತು ದಕ್ಷಿಣದ ದಡದ ಮೇಲೆ ಮದರಸಾ ಕಟ್ಟಿಸಿದ. ನಾವಿಂದು ನೋಡುವ ಕಂಬ ಕಮಾನುಗಳ ಸಾಲು ಅದೇ. ಓದುವ ಹುಡುಗರು ಮೆಟ್ಟಿಲಿಳಿದರೆ ನೀರು. ಎರಡು ಸಾಲುಗಳು ಕೂಡುವ ಮೂಲೆಯಲ್ಲಿ ತನ್ನ ಗೋರಿಗೆ ಜಾಗ ಮಾಡಿಕೊಂಡ. 1388ರಲ್ಲಿ ಸತ್ತಾಗ ಅಲ್ಲಿಯೇ ಹೂಳಿದರು.

ಹತ್ತು ವರ್ಷದ ಮೇಲೆ, 1398ರ ಡಿಸೆಂಬರಿನಲ್ಲಿ, ತೈಮೂರ್ ಬಂದ. ದೆಹಲಿಯ ಸೈನ್ಯವನ್ನು ಸೋಲಿಸಿ ಅವನು ಬೀಡುಬಿಟ್ಟದ್ದು ಇದೇ ದಡದಲ್ಲಿ. ಅವನ ವಿಜಯಗಳನ್ನು ಹಾಡಿ ಹೊಗಳುವ 'ಝಫರ್‌ನಾಮಾ' ಈ ಕೆರೆಯನ್ನು ವರ್ಣಿಸುತ್ತದೆ. ಒಂದು ದಡದಿಂದ ಬಿಟ್ಟ ಬಾಣ ಇನ್ನೊಂದು ದಡ ಮುಟ್ಟದಷ್ಟು ದೊಡ್ಡದು, ಮಳೆಗಾಲದಲ್ಲಿ ತುಂಬಿದರೆ ದೆಹಲಿಯ ಜನಕ್ಕೆ ವರ್ಷವಿಡೀ ನೀರು ಎನ್ನುತ್ತದೆ. ಕೆರೆ ಮಾಡಿಸಿದ್ದು ಯಾರು ಎಂಬುದಕ್ಕೆ ಅಲ್ಲಿರುವ ಹೆಸರು ಫಿರೋಜ್ ಷಾನದು. ಅಲಾವುದ್ದೀನ್ ಇಲ್ಲವೇ ಇಲ್ಲ.

ಚರಿತ್ರೆಯ ಪುಸ್ತಕಗಳು ಇದನ್ನು ತೈಮೂರನ ಕಡೆಯವರ ತಪ್ಪು ಎಂದು ತಿದ್ದುತ್ತವೆ. ನಾನೂ ಮೊದಲು ಹಾಗೇ ಓದಿಕೊಂಡಿದ್ದೆ. ಅಪ್ಪನ ಪ್ರಶ್ನೆ ಕೇಳಿದ ಮೇಲೆ ಅದು ಪೂರ್ತಿ ತಪ್ಪು ಅನ್ನಿಸುತ್ತಿಲ್ಲ. ತೋಡಿಸಿ ಐವತ್ತು ವರ್ಷದೊಳಗೆ ಕೆರೆ ಹೊಲವಾಗಿತ್ತು. 1398ರಲ್ಲಿ ಅಲ್ಲಿ ನೀರಿದ್ದದ್ದು ಹೂಳೆತ್ತಿಸಿದವನಿಂದ. ನೀರು ಕುಡಿದವರು ಅವನ ಹೆಸರು ಹೇಳಿದರು.

ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಪುಣ್ಯದ ಮಾತಿನ ಜೊತೆಗೆ ಕೆರೆಯ ಖರ್ಚಿನ ಮಾತೂ ಬರುತ್ತದೆ. ಕೆರೆಯನ್ನು ನೋಡಿಕೊಳ್ಳಲು ಬಿಟ್ಟ ಜಮೀನು ಕೆರೆಗೊಡಗೆ. ಹೂಳು ಹೊರಲು, ಏರಿಗೆ ಮಣ್ಣು ಹಾಕಲು ಬಿಟ್ಟದ್ದು ಕೆರೆಯ ಬಂಡಿ. ಆ ಬಂಡಿಯ ಎತ್ತಿಗೆ, ಹೊಡೆಯುವವನಿಗೆ ವರ್ಷವರ್ಷವೂ ಏನಾದರೂ ಸಲ್ಲಬೇಕಿತ್ತು. ನಮ್ಮ ತಾತನ ಕಾಲದವರೆಗೂ ಬೇಸಿಗೆಯಲ್ಲಿ ಊರಿನ ಗಾಡಿಗಳೆಲ್ಲ ಕೆರೆಗಿಳಿದು ಗೋಡು ಹೊಡೆಯುತ್ತಿದ್ದವು. ಗೋಡು ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಇಬ್ಬರಿಗೂ ಲಾಭವಿದ್ದದ್ದರಿಂದ ಕೆಲಸ ನಡೆಯುತ್ತಿತ್ತು.

ಫಿರೋಜನ ನಂತರ ಹೌಜ್ ಖಾಸಿಗೆ ಅಂಥ ಇನ್ನೊಬ್ಬ ಸಿಗಲಿಲ್ಲ. ಶತಮಾನಗಳಲ್ಲಿ ಕೆರೆ ಮತ್ತೆ ಹೂತು ಕುಗ್ಗಿತು. ಸ್ವಾತಂತ್ರ್ಯದ ಮೇಲೆ ದೆಹಲಿ ದಕ್ಷಿಣಕ್ಕೆ ಬೆಳೆಯಿತು. ಗ್ರೀನ್ ಪಾರ್ಕ್, ಸಫ್ದರ್‌ಜಂಗ್ ಎನ್‌ಕ್ಲೇವ್, ಹೌಜ್ ಖಾಸ್ ಬಡಾವಣೆಗಳು ಎದ್ದವು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕೆರೆಯ ಸುತ್ತ ಉದ್ಯಾನ ಮಾಡಿತು, ಗಿಡ ನೆಟ್ಟಿತು, ಜಿಂಕೆ ತಂದಿತು. ದೆಹಲಿಯ ಮೊದಲ ಲೆಫ್ಟಿನೆಂಟ್ ಗವರ್ನರ್ ಆದಿತ್ಯನಾಥ್ ಝಾ ಅವರ ಹೆಸರನ್ನು ಜಿಂಕೆ ಉದ್ಯಾನಕ್ಕೆ ಇಟ್ಟರು. ಆದರೆ ಗುಡ್ಡದಿಂದ ನೀರು ಬರುವ ದಾರಿಗಳ ಮೇಲೆ ರಸ್ತೆ, ಮನೆಗಳು ಬಂದಿದ್ದವು. ಕೊನೆಗೆ ಉದ್ಯಾನ ಉಳಿದು ಕೆರೆ ಬತ್ತಿತು.

ಈಗ ಕಾಣುವ ನೀರು ಈ ಶತಮಾನದ್ದು. 2004ರ ಸುಮಾರಿಗೆ ಇಂಟ್ಯಾಕ್ ಸಂಸ್ಥೆಯ ಯೋಜನೆಯಂತೆ, ವಸಂತ್ ಕುಂಜಿನ ಕೊಳಚೆ ಸಂಸ್ಕರಣಾ ಘಟಕದಿಂದ ಬರುವ ನೀರನ್ನು ಸಂಜಯ್ ವನದ ಮೂಲಕ ಹರಿಸಿ ಇಲ್ಲಿಗೆ ತಂದರು. ಅಲಾವುದ್ದೀನನ ಕೆರೆಗೆ ಇಂದು ನೀರು ಕೊಡುವುದು ದಕ್ಷಿಣ ದೆಹಲಿಯ ಬಚ್ಚಲುಗಳು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆಯಲ್ಲ, ಅದೇ ಬಗೆ. ಇಂಥ ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚು. ಬೇಸಿಗೆ ಬಂತೆಂದರೆ ಪಾಚಿ ಹಬ್ಬುತ್ತದೆ, ನೀರು ಹಸಿರಾಗಿ ನಾರುತ್ತದೆ. ಜವುಗು ಗಿಡಗಳನ್ನು ಬೆಳೆಸಿ ನೀರು ಸೋಸುವ ಪ್ರಯತ್ನಗಳೂ ನಡೆದಿವೆ. ಒಮ್ಮೆ ತುಂಬಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಇನ್ನು ನಮ್ಮ ಮನೆಯ ಸಂಗತಿ.

ನಮ್ಮ ತಾಲ್ಲೂಕಿನ ಹೆಸರೇ ಅರಸಿಯ ಕೆರೆ. ನಮ್ಮ ಹಳ್ಳಿಗೂ ಒಂದು ಕೆರೆಯಿದೆ. ತಾತನ ಕೊನೆಗಾಲದಲ್ಲಿ ಅದು ತುಂಬುವುದು ನಿಂತಿತು. ಮೊದಲು ಯಾರೋ ಅಂಗಳದಲ್ಲಿ ಸೌತೆ ಹಾಕಿದರು, ಆಮೇಲೆ ಹುರುಳಿ, ಆಮೇಲೆ ರಾಗಿ. ತಾತನೂ ಒಂದೂವರೆ ಎಕರೆ ಉತ್ತರು. ಅದು ನಮ್ಮ ಪಹಣಿಯಲ್ಲಿಲ್ಲ. ನಾನು ಹಾಸನದ ಹಾಸ್ಟೆಲಿಗೆ ಹೊತ್ತೊಯ್ದ ರಾಗಿ ಹಿಟ್ಟು ಆ ನೆಲದ್ದು.

ಎರಡು ವರ್ಷದ ಹಿಂದೆ ಜೋರು ಮಳೆಯಾಗಿ ಕೆರೆ ಕೋಡಿ ಬಿತ್ತು. ಊರು ಗಂಗೆ ಪೂಜೆ ಮಾಡಿತು, ನಮ್ಮ ರಾಗಿ ಮುಳುಗಿತು. ಅಣ್ಣ ಅಂದಿನಿಂದ ಒಂದೇ ಮಾತು: ಜೆಸಿಬಿ ತರಿಸಿ ನಮ್ಮ ಪಟ್ಟಿಗೆ ಒಂದು ಒಡ್ಡು ಹಾಕಿಸಬೇಕು, ಎಂಬತ್ತು ಸಾವಿರ ಆಗುತ್ತೆ, ನೀನು ಕಳಿಸು. ಆ ಒಡ್ಡು ಬಂದರೆ ಮೇಲಿನ ಹಳ್ಳದಿಂದ ಕೆರೆಗೆ ನೀರು ಇಳಿಯುವ ಒಂದು ಬಾಯಿ ಮುಚ್ಚುತ್ತದೆ ಎಂಬುದು ಅವನಿಗೂ ಗೊತ್ತು. ಅವನನ್ನು ದೂರಲಾರೆ. ನಾನು ಸಂಬಳದವನು, ಅವನು ಮಳೆ ನಂಬಿದವನು. ಹಣ ಕಳಿಸುತ್ತೇನೆ ಎಂದೂ ಹೇಳಿಬಿಟ್ಟಿದ್ದೆ.

ಆ ವಾರ ರಾತ್ರಿ ಊಟವಾದ ಮೇಲೆ ಫಿರೋಜ್ ಷಾ ಬರೆದದ್ದನ್ನು ಅಪ್ಪನಿಗೆ ನನ್ನ ಮಾತಿನಲ್ಲಿ ಹೇಳಿದೆ. ಅಂಗಳ ಉತ್ತವರು, ಬಾವಿ ತೋಡಿದವರು, ಕಾಲುವೆಗೆ ಅಡ್ಡ ಕಟ್ಟಿದವರು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು.

"ಅವ್ರು ಯಾಕೆ ಉತ್ರು ಅಂತ ಬರ್ದವ್ನಾ?"

"ಇಲ್ಲಪ್ಪ."

"ದೊರೆ ಯಾಕ್ ಬರೀತಾನೆ. ನೀರಿಲ್ದಿದ್ಕೆ ಉತ್ತಿರ್ತಾರೆ. ಒಣಗಿದ್ ನೆಲ ಕಣ್ಮುಂದೆ ಬಿದ್ದಿದ್ರೆ ಹೊಟ್ಟೆಗಿಲ್ದೋನು ಏನ್ ಮಾಡ್ತಾನೆ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಆದ್ರೆ ತುಂಬಿದ್ಮೇಲೆ ಬಿಟ್ಕೊಡ್ಬೇಕು ಕಣಪ್ಪಾ. ಅದ್ರ ಜಾಗ ಅದು."

ಏಳುನೂರು ವರ್ಷದ ಚರಿತ್ರೆಯಲ್ಲಿ ಉತ್ತವರ ಪರವಾಗಿ ನಾನು ಕೇಳಿದ ಮಾತು ಇದೊಂದೇ. ಅದನ್ನು ಹೇಳಿದ್ದು ಉತ್ತವರಲ್ಲೇ ಒಬ್ಬರು.

ಮರುದಿನ ಅಣ್ಣನಿಗೆ ಫೋನು ಮಾಡಿ ಒಡ್ಡಿಗೆ ದುಡ್ಡು ಕೊಡುವುದಿಲ್ಲ ಎಂದೆ. "ದೆಹಲೀಲಿ ಕೂತ್ಕೊಂಡು ನಮ್ಮೂರ್ ಕೆರೆ ಉಳಿಸ್ತೀಯೇನೋ?" ಎಂದು ಕೇಳಿದ. ಸರಿಯಾದ ಪ್ರಶ್ನೆಯೇ. ನಾನಿರುವ ಗಲ್ಲಿಯೂ ಗುಡ್ಡಕ್ಕೂ ಹೌಜಿಗೂ ನಡುವೆ ಎದ್ದ ಇದೇ ನಗರದ ತುಂಡು. ಅದನ್ನು ನಾನು ಬಿಟ್ಟುಕೊಟ್ಟಿಲ್ಲ, ಪ್ರತಿ ತಿಂಗಳು ಬಾಡಿಗೆ ಕೊಡುತ್ತಿದ್ದೇನೆ. ಎರಡು ತಿಂಗಳು ಅಣ್ಣ ಮಾತಾಡಲಿಲ್ಲ.

ಏಪ್ರಿಲಿನಲ್ಲಿ ಅಪ್ಪ ಫೋನು ಮಾಡಿದರು. ಕೆರೆ ಇಳಿದಿದೆ, ತೂಬಿನ ಹತ್ತಿರ ಗೋಡು ತೆಗೆಸೋಣ ಅಂತ ಊರಿನವರು ದುಡ್ಡು ಕೂಡಿಸುತ್ತಿದ್ದಾರೆ ಎಂದರು. ಆಗುವಷ್ಟು ಕಳಿಸಿದೆ. ಆ ದುಡ್ಡಿಗೆ ನಲವತ್ತು ಟ್ರ್ಯಾಕ್ಟರ್ ಲೋಡು ಗೋಡು ಬಂತಂತೆ. ಅದರಲ್ಲಿ ಹನ್ನೆರಡು ಅಣ್ಣನ ತೆಂಗಿನ ತೋಟಕ್ಕೇ ಹೋಯಿತು ಎಂದು ಅಪ್ಪ ನಗುತ್ತಾ ಹೇಳಿದರು. ಹೋಗಲಿ. ಹಿಂದೆಯೂ ಕೆರೆಯ ಕೆಲಸ ಹಾಗೇ ನಡೆಯುತ್ತಿತ್ತು.

ಮೊನ್ನೆ ಬೆಳಿಗ್ಗೆ ಓಡುವಾಗ ಹೌಜಿನ ದಡದಲ್ಲಿ ಇಬ್ಬರು ಕೆಲಸಗಾರರು ಉದ್ದನೆಯ ಬಿದಿರಿಗೆ ಬಲೆ ಕಟ್ಟಿ ಪಾಚಿ ಎಳೆಯುತ್ತಿದ್ದರು. ನಿಂತು ಒಬ್ಬನನ್ನು ಕೇಳಿದೆ, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ ಎಂದು. "ದಿನಾ," ಎಂದ.